ಪೆನ್‌ಡ್ರೈವ್‌ಗೆ ಇಟ್ಟ ಕುಂಕುಮ

ದಸರಾ ಮುಗಿದು ಮೂರನೇ ದಿನ. ಗಿರಣಿಗೆ ಕಳಿಸಬೇಕೆಂದು ಹಿತ್ತಿಲ ಕಟ್ಟೆಯ ಮೇಲೆ ಕೂತು ರಾಗಿ ಕೇರುತ್ತಿದ್ದೆ. ಮಗಳು ಒಳಗಿನಿಂದ ಬಂದು ಬಾಗಿಲಲ್ಲೇ ನಿಂತಳು.

"ಅಮ್ಮ, ಪೆನ್‌ಡ್ರೈವ್ ಓಪನ್ ಆಗ್ತಿಲ್ಲ."

ತಿರುಗಿಸಿ ಹಾಕು ಅಂದೆ.

"ತಿರುಗಿಸೂ ನೋಡ್ದೆ. ಅದರ ಬಾಯಿ ತುಂಬ ಕುಂಕುಮ ಕಣಮ್ಮ."

ಮೊರ ಕೆಳಗಿಟ್ಟೆ. ಆ ಹೆಬ್ಬೆರಳುದ್ದದ ವಸ್ತುವಿನೊಳಗೆ ನಮ್ಮತ್ತೆಯ ಅರವತ್ತೆಂಟು ಹಾಡುಗಳಿದ್ದವು. ಬೇರೆಲ್ಲೂ ಇರಲಿಲ್ಲ.

ಅತ್ತೆ ಯಗಟಿ ಕಡೆಯವರು. ಸೋಬಾನೆ, ಬೀಸುವ ಪದ, ತೊಟ್ಟಿಲ ಪದ, ಏನು ಕೇಳಿದರೂ ಹಾಡುತ್ತಿದ್ದರು. ಎರಡು ವರ್ಷದಿಂದ ಮರೆವು ಶುರುವಾಗಿದೆ. ಮೊದಲು ಹೆಸರುಗಳು ಹೋದವು, ಆಮೇಲೆ ಹಾಡುಗಳು. ಹಾಡುತ್ತ ಹಾಡುತ್ತ ನಡುವೆ ನಿಂತು ನನ್ನ ಮುಖ ನೋಡುತ್ತಾರೆ, ಮುಂದಿನ ಸಾಲು ನನ್ನ ಹಣೆಯ ಮೇಲೆ ಬರೆದಿದೆಯೇನೋ ಎನ್ನುವ ಹಾಗೆ. ಅದಕ್ಕೇ ನಾನು ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ, ಅವರು ಯಾವಾಗ ಬಾಯಿ ತೆರೆದರೂ ಫೋನ್ ಹಿಡಿದು ತುಂಬಿಸಿಕೊಂಡಿದ್ದೆ. ಅದರಲ್ಲಿರುವ ಎಷ್ಟೋ ಹಾಡು ಈಗ ಅವರ ಬಾಯಲ್ಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ತಮ್ಮ ದನಿಯನ್ನೇ ಹಾಕಿಸಿಕೊಂಡು ತಾವೇ ಕಲಿಯುತ್ತಾರೆ.

ಫೋನಿನಲ್ಲಿದ್ದ ಹಾಡು ಪೆನ್‌ಡ್ರೈವ್‌ಗೆ ಹೋದದ್ದು ಹೇಗೆ ಎಂದು ಹೇಳಲು ನನಗೇ ನಾಚಿಕೆ. ನಮ್ಮ ನೆಂಟರ ಗುಂಪೊಂದು ಫೋನಿನಲ್ಲಿದೆ. ಬೆಳಗಾದರೆ ಶುಭೋದಯ. ಸೋಮವಾರ ಶಿವ, ಶುಕ್ರವಾರ ಲಕ್ಷ್ಮಿ, ಶನಿವಾರ ಆಂಜನೇಯ, ಒಬ್ಬರು ಕಳಿಸಿದ್ದನ್ನೇ ಇನ್ನೊಬ್ಬರೂ ಕಳಿಸುತ್ತಾರೆ. ಜಾಗ ತುಂಬಿದೆ, ಅಳಿಸಿ ಎಂದು ಫೋನು ದಿನವೂ ಗೋಳಾಡುತ್ತಿತ್ತು. ದೇವರ ಪಟದ ಮೇಲೆ ಬೆರಳಿಟ್ಟು ಅಳಿಸುವುದು ನನ್ನ ಕೈಲಾಗುವ ಕೆಲಸವಲ್ಲ. ಲಕ್ಷ್ಮಿಯನ್ನು ಅಳಿಸು ಎಂದರೆ ಯಾವ ಗೃಹಿಣಿ ಅಳಿಸುತ್ತಾಳೆ? ನಮ್ಮನೆಯವರು ನಕ್ಕರು. ಅವರಿಗೆ ಅಜ್ಜಂಪುರದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ತಾಮ್ರದ ತಂತಿ ತರಲು ತರೀಕೆರೆಗೆ ಹೋದವರು ಒಂದು ಪೆನ್‌ಡ್ರೈವ್ ತಂದರು. ಆಗ ನಾನೊಂದು ಬುದ್ಧಿವಂತಿಕೆ ಮಾಡಿದೆ. ದೇವರನ್ನು ಕದಲಿಸುವುದು ಬೇಡ, ಅವರು ಫೋನಿನಲ್ಲೇ ಇರಲಿ, ಹಾಡುಗಳು ಅದಕ್ಕೆ ಹೋಗಲಿ ಅಂದೆ. ಮಗಳು ಎಲ್ಲವನ್ನೂ ಸಾಗಿಸಿ ಫೋನಿನಿಂದ ಅಳಿಸಿದಳು. ಅತ್ತೆಯ ಹಾಡು ಹೊರಗೆ, ನೆಂಟರ ಶುಭೋದಯ ಒಳಗೆ. ಈಗ ನೆನೆದರೆ ನನ್ನ ತಲೆ ನಾನೇ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಆಯುಧಪೂಜೆಯ ಸಂಜೆ ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ, ಮಗಳ ಲ್ಯಾಪ್‌ಟಾಪ್ ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿದ್ದೆವು. ಬೊಟ್ಟಿಡುವುದು ಅತ್ತೆಯ ಪಾಲಿನ ಕೆಲಸ. ಕುಂಕುಮವನ್ನು ನೀರಲ್ಲಿ ಕಲಸಿಕೊಂಡು ಒಂದೊಂದಕ್ಕೂ ಇಡುತ್ತ ಬಂದರು. ಪೆನ್‌ಡ್ರೈವ್ ಕೈಗೆ ಬಂದಾಗ ಇದಕ್ಕೆ ಮುಖ ಯಾವ ಕಡೆ ಎಂದು ಕೇಳಿದರು. ಮೊಮ್ಮಗಳು ತಲೆ ಎತ್ತದೆ, ತಗಡಿರೋ ಕಡೆ ಅಜ್ಜಿ, ಅಂದಳು. ತಮ್ಮ ಹಾಡು ಕಾಯುವ ಸಾಮಾನು ಎಂದು ಅತ್ತೆ ಧಾರಾಳವಾಗಿಯೇ ಇಟ್ಟರು. ನಾನು ಪಕ್ಕದಲ್ಲೇ ಕರ್ಪೂರ ಹಚ್ಚುತ್ತಿದ್ದೆ. ನೋಡಿಯೂ ಸುಮ್ಮನಿದ್ದೆ.

ಮಗಳು ಪಿನ್ನು ಹಾಕಿ ಕೆರೆಯಲು ಹೊರಟಳು. ಕಿತ್ತುಕೊಂಡೆ. ನಮ್ಮನೆಯವರು ತರೀಕೆರೆಯ ಅಂಗಡಿಗೆ ಫೋನ್ ಮಾಡಿದರು. ತಂದುಕೊಡಿ, ಹೊಸದು ಕೊಡ್ತೀವಿ, ಒಳಗಿರೋದಕ್ಕೆ ನಾವು ಜವಾಬ್ದಾರರಲ್ಲ ಎಂದರಂತೆ. ಇವರು ಅದನ್ನು ಒಳ್ಳೆಯ ಸುದ್ದಿ ಎಂಬಂತೆ ನನಗೆ ಹೇಳಿದರು. ಖಾಲಿ ಡಬ್ಬಿ ಕೊಟ್ಟರೆ ಪೂಜೆಗಿಡಲೇ ಎಂದು ಕೇಳಿದೆ. ಆಮೇಲೆ ಮೆಲ್ಲಗೆ, ಕಡೂರಿನಲ್ಲಿ ಕಂಪ್ಯೂಟರ್ ರಿಪೇರಿಯ ಸಾಬರೊಬ್ಬರಿದ್ದಾರೆ, ಕೈ ಒಳ್ಳೆಯದು ಅಂದರು.

ಅತ್ತೆಗೆ ತಿಳಿಯದಂತೆ ಹೋಗಿಬರೋಣವೆಂದರೆ ಅವರು ಆಗಲೇ ಸೀರೆ ಬದಲಿಸಿ ಜಗಲಿಯಲ್ಲಿ ಕೂತಿದ್ದರು. "ನನ್ನ ಹಾಡು, ನಾನೂ ಬತ್ತೀನಿ." ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅಷ್ಟರಮಟ್ಟಿಗೆ ದೇವರು ದೊಡ್ಡವನು. ದಾರಿಯಲ್ಲಿ ಅತ್ತೆ ಮೂರು ಸಲ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಿದರು, ಮೂರು ಸಲವೂ ಹೇಳಿದೆ. ನಾಲ್ಕನೇ ಸಲ ಸಿಡುಕಿದೆ. ಆಮೇಲೆ ಅವರು ಕಡೂರು ಬರುವವರೆಗೂ ಕೇಳಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಸಾಬರು ನಮ್ಮನೆಯವರಿಗಿಂತ ಹಿರಿಯರು, ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದರು. ಪೆನ್‌ಡ್ರೈವ್ ನೋಡಿದೊಡನೆ ತಲೆಯಾಡಿಸಿದರು.

"ದಸರಾ ಆದ್ಮೇಲೆ ಒಂದು ವಾರ ನಂಗಿದೇ ಕೆಲ್ಸ ಕಣಮ್ಮ. ಕೀಬೋರ್ಡಲ್ಲಿ ಅಕ್ಷತೆ, ಪ್ರಿಂಟರಲ್ಲಿ ಹೂವಿನ ದಂಟು. ಬಾಯಿಗೇ ಮೆತ್ತಿದ್ರೆ ಅದು ಹೆಂಗೆ ಮಾತಾಡುತ್ತೆ?"

ಅತ್ತೆ ಬಿಟ್ಟುಕೊಡಲಿಲ್ಲ. "ಪೂಜೆ ಮಾಡಿದ್ದಕ್ಕೇ ಇನ್ನೂ ಉಳ್ಕಂಡಿರೋದು ಕಣಪ್ಪ ಅದು."

"ಅದೂ ಇರ್ಬೋದು," ಎಂದರು ಸಾಬರು. ಸ್ಪಿರಿಟ್ಟಿನಲ್ಲಿ ಅದ್ದಿದ ಸಣ್ಣ ಬ್ರಷ್ಷಿನಿಂದ ಉಜ್ಜತೊಡಗಿದರು. ಒರೆಸಿದ ಹತ್ತಿಯ ಮೇಲೆ ಕೆಂಪು ಇಳಿಯುತ್ತಲೇ ಇತ್ತು. ಒಣಗಲಿ ಎಂದು ಫ್ಯಾನಿನ ಕೆಳಗಿಟ್ಟರು. ನಾನು ಮನಸ್ಸಿನಲ್ಲಿ ಮನೆದೇವರಿಗೆ ಹರಕೆ ಹೊತ್ತೆ. ಮೊದಲ ಸಲ ಕಂಪ್ಯೂಟರಿಗೆ ಚುಚ್ಚಿದಾಗ ಏನೂ ಆಗಲಿಲ್ಲ. ಮತ್ತೆ ಉಜ್ಜಿದರು. ಎರಡನೇ ಸಲಕ್ಕೆ ಪರದೆಯ ಮೇಲೆ ಸಾಲುಸಾಲಾಗಿ ಬಂತು. ಒಂದನ್ನು ಒತ್ತಿದರು, ಅಂಗಡಿ ತುಂಬ ಅತ್ತೆಯ ದನಿ. ಹಿಂದೆ ನಮ್ಮನೆಯ ಕುಕ್ಕರ್ ಕೂಗುವುದೂ ಕೇಳಿತು. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಇಂಥದ್ದು ಯಾವತ್ತೂ ಎರಡು ಕಡೆ ಇರಬೇಕು, ಫೋನಿಗೂ ಒಂದು ಪ್ರತಿ ಹಾಕಿಕೊಡುತ್ತೇನೆ ಎಂದರು ಸಾಬರು. ಫೋನು ತೆರೆದರೆ ಜಾಗವಿಲ್ಲ. ಬೆರಳಿನಿಂದ ಮೇಲಕ್ಕೆ ತಳ್ಳಿದರು, ತಳ್ಳುತ್ತಲೇ ಇದ್ದರು. ಶಿವ, ಲಕ್ಷ್ಮಿ, ಆಂಜನೇಯ, ಮತ್ತೆ ಶಿವ. ಎಲ್ಲವನ್ನೂ ಗುರುತು ಹಾಕಿ ಫೋನನ್ನು ನನ್ನ ಕೈಗೆ ಕೊಟ್ಟರು.

"ಇದನ್ನ ನಾನು ಒತ್ತಲ್ಲಮ್ಮ. ನಿಮ್ಮ ದೇವ್ರು, ನೀವೇ ಒತ್ಬೇಕು."

ನಾನು ಫೋನು ಹಿಡಿದು ಕೂತೆ. ಹೊಸ ಮೆಮೊರಿ ಕಾರ್ಡೇ ಕೊಂಡರೆ ಹೇಗೆ ಎಂದು ಕೇಳಿದೆ. ನನ್ನ ಫೋನಿಗೆ ಕಾರ್ಡಿನ ಕಿಂಡಿಯೇ ಇಲ್ಲವಂತೆ. ಕಿಂಡಿ ಇಲ್ಲದ ಫೋನು ಯಾಕೆ ಮಾಡುತ್ತಾರೋ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಎಷ್ಟೋ ದಿನದ ಮೇಲೆ ಅವರ ಕಣ್ಣು ಹಳೆಯ ಕಾಲದ ಹಾಗೆ ಚುರುಕಾಗಿತ್ತು.

"ಹಳೇ ಕ್ಯಾಲೆಂಡರ್ ದೇವ್ರನ್ನ ಏನ್ಮಾಡ್ತೀವೆ? ಕೈ ಮುಗ್ದು ಕೆರೆಗೆ ಬಿಡಲ್ವಾ. ಹಂಗೇ ಬಿಟ್ಬಿಡೇ."

ಕೈ ಮುಗಿದೆ, ಒತ್ತಿದೆ. ಖಚಿತವೇ ಎಂದು ಫೋನು ಕೇಳಿತು. ಇಷ್ಟು ಹೊತ್ತು ನಾನು ಮಾಡಿದ್ದೇನು ಮತ್ತೆ? ಇನ್ನೊಮ್ಮೆ ಒತ್ತಿದೆ. ಆದರೂ ಜಾಗವಾಗಲಿಲ್ಲ. ಅವು ಹೋಗಿಲ್ಲವಂತೆ, ಕಸದ ಬುಟ್ಟಿಯಲ್ಲಿವೆಯಂತೆ, ಒಂದು ತಿಂಗಳು ಅಲ್ಲೇ ಇರುತ್ತವಂತೆ. ಯಾವ ಪುಣ್ಯಾತ್ಮ ಈ ಏರ್ಪಾಡು ಮಾಡಿದನೋ, ಕೆರೆಗೆ ಬಿಟ್ಟ ದೇವರನ್ನು ತಂದು ಕಸದ ಬುಟ್ಟಿಯಲ್ಲಿ ಕೂರಿಸಿದ್ದ. ಒಂದು ಕ್ಷಣವೂ ಅಲ್ಲಿರುವುದು ಬೇಡ, ಎಲ್ಲಿ ಖಾಲಿ ಮಾಡುವುದು ತೋರಿಸಿ ಎಂದೆ. ಸಾಬರು ದೂರದಿಂದಲೇ ಬೆರಳು ಚಾಚಿ ತೋರಿಸಿದರು. ಅದನ್ನೂ ಒತ್ತಿದೆ.

ಹಾಡುಗಳು ಒಂದೊಂದಾಗಿ ಫೋನಿಗೆ ಬಂದವು. ಅರವತ್ತೆಂಟೂ ಬಂದವು, ಎರಡು ಸಲ ಎಣಿಸಿದೆ.

ಮನೆಗೆ ಬಂದು ಕಾಲು ತೊಳೆದವರೇ ಅತ್ತೆ ಅಡುಗೆಮನೆಯ ಬಾಗಿಲಿಗೊರಗಿ ಕೂತು ಒಂದು ಬೀಸುವ ಪದ ಹಾಕಿಸಿಕೊಂಡರು. ಪೂರ್ತಿ ಮರೆತಿದ್ದ ಹಾಡು ಅದು. ತುಟಿಯಲ್ಲೇ ಜೊತೆಗೂಡಿದರು. ನಡುವೆ ಕೈ ಎತ್ತಿ ನಿಲ್ಲಿಸಿದರು.

"ಇಲ್ಲಿ ಒಂದು ಸಾಲು ಹಾರ್ಸಿದೀನಿ ಕಣೇ."

ಯಾವ ಸಾಲು ಅತ್ತೆ, ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ಅವತ್ತು ಫೋನ್ ಹಿಡಿದುಕೊಂಡಿದ್ದವಳು ನಾನೇ. ಹಾಡು ಸರಿಯಾಗಿದೆಯೇ ಎಂದು ಕೇಳದೆ ಫೋನಿನ ರೆಕಾರ್ಡಿಂಗ್ ದೀಪ ಕೆಂಪಗಿದೆಯೇ ಎಂದಷ್ಟೇ ನೋಡುತ್ತಿದ್ದೆ. ನನ್ನ ಮೇಲೆ ನನಗೇ ಕೋಪ ಬಂತು. ಅತ್ತೆ ಮಾತ್ರ ಬೇಸರಿಸಲಿಲ್ಲ, ಮೊದಲಿಂದ ಹಾಕು ಅಂದರು. ಹಾಕಿದೆ. ಆ ಜಾಗಕ್ಕೆ ಬಂದಾಗ ಮತ್ತೆ ನಿಲ್ಲಿಸಿದರು, ಮತ್ತೆ ಮೊದಲಿಂದ ಅಂದರು. ಎಲ್ಲಿ ಒತ್ತಬೇಕೆಂದು ಅವರ ಬೆರಳು ಹಿಡಿದು ತೋರಿಸಿಕೊಟ್ಟು, ನಾನೆದ್ದು ಮುದ್ದೆಗೆ ಎಸರಿಟ್ಟೆ.