ಮೆದುಳಿನ ವಯಸ್ಸು, ಮಾದೇವಕ್ಕನ ಕುಂಕುಮ

ಹೋ ಅಂತ ಕೂಗಿಬಿಟ್ನಿ! ಮುಂಜಾನೆ ಚಹಾ ಕುದಿಯಾಕತ್ತಿತ್ತು, ಮೊಬೈಲು ಟಿಂಗ್ ಅಂತು, ನೋಡಿದ್ರ ಅದರಾಗ ‘ನಿಮ್ಮ ಮೆದುಳಿನ ವಯಸ್ಸು ಮೂವತ್ತೊಂದು’ ಅಂತ ಬರದಿತ್ತು. ನನಗ ಅರವತ್ತೆರಡು ನಡದಾವ್ರಿ. ಅಂದ್ರ ಮೊಣಕಾಲಿಗಿ ಅರವತ್ತೆರಡು, ಮೆದುಳಿಗಿ ಬರೇ ಮೂವತ್ತೊಂದು! ಚಹಾ ಉಕ್ಕಿ ಒಲಿ ಮ್ಯಾಲೆಲ್ಲಾ ಹರೀತು. ಹರೀಲಿ ಬಿಡ್ರಿ.

ನಿಮಗೂ ಈ ಆಟ ಗೊತ್ತಿರಬೇಕು. ಒಂದಿಷ್ಟು ಚಿತ್ರ ತೋರಸ್ತಾರ, ಮುಚ್ಚತಾರ, ಯಾವುದು ಎಲ್ಲಿತ್ತು ಅಂತ ಕೇಳ್ತಾರ. ನಮ್ಮ ಇಂಡಿ ಊರಾಗ ಮೂವತ್ತು ವರ್ಷ ಸಾಲಿ ಮಕ್ಕಳಿಗಿ ಮಗ್ಗಿ ಬಾಯಿಪಾಠ ಮಾಡಿಸಿದಾಕಿ ನಾ. ಈಗ ನಾನ ದಿನಾ ಪರೀಕ್ಷಾಕ್ಕ ಕುಂದರ್ತೇನಿ, ಪಾಸಾದ್ರ ಕುಣೀತೇನಿ. ಮನ್ಯಾಗ ನಗತಾರ. ನೀವರ ನಗಬ್ಯಾಡ್ರಿ. ನಮ್ಮವ್ವ ಕಡೀ ಎರಡು ವರ್ಷ ನನ್ನ ಮುಖ ನೋಡಿ ‘ಯಾರ ಮಗಳವಾ ನೀ?’ ಅಂತ ಕೇಳ್ತಿದ್ಲು. ‘ನಿನ್ನ ಮಗಳ ಅದೇನಿ ಬೇ’ ಅಂದ್ರ, ‘ಹೌದೇನ? ಛಲೋ ಆತು, ಉಂಡು ಹೋಗು’ ಅಂತಿದ್ಲು. ನಾನೂ ಹಂಗ ಆಗ್ತೇನೇನು ಅಂತ ಅವತ್ತಿನಿಂದ ಹೊಟ್ಟ್ಯಾಗ ಒಂದು ಅಂಜಿಕಿ ಕುಂತೈತಿ. ಅದಕ್ಕ ಈ ಆಟ.

ಇಂಥಾ ಆಟಗಿಟ ಏನೂ ಆಡದ ಒಂದು ಮೆದುಳು ನಾ ನೋಡೇನಿ, ನನ್ನ ಗಂಡನ ಅವ್ವಂದು, ಹೂವಿನ ಹಿಪ್ಪರಗಿ ಊರಿನ ನಮ್ಮತ್ತಿದು. ನಮ್ಮ ಕಡೆ ಬಸುರಿ ಹೆಣ್ಣಮಗಳಿಗಿ ಹಸರ ಬಳಿ ಇಡಸೋ ಕುಬಸಕ್ಕ ಚೀಟಿ ಅಚ್ಚು ಹಾಕ್ಸಿದ್ರ ನಡಿಯೂದಿಲ್ಲ. ಮನಿ ಮನಿಗಿ ಹೋಗಿ, ಹಣಿಗಿ ಕುಂಕುಮ ಹಚ್ಚಿ, ‘ಬರ್ರೆವಾ’ ಅನ್ನಬೇಕು. ಒಂದು ಮನಿ ತಪ್ಪಿತೋ, ಆ ಮನಿಯಾಕಿ ಹೊಸ್ತಿಲ ದಾಟೂದಿಲ್ಲ. ನೀವು ಸಾಯೋತನಕ ಆ ಮಾತು ಕೇಳೂದು ತಪ್ಪೂದಿಲ್ಲ. ಅತ್ತಿಗಿ ಓದಾಕ ಬರ್ತಿರಲಿಲ್ಲ. ರೊಟ್ಟಿ ಬಡಿಯೋವಾಗ ಒಂದೊಂದು ರೊಟ್ಟಿಗಿ ಒಂದೊಂದು ಮನಿ ಹೆಸರು ಹೇಳ್ತಿದ್ಲು: ‘ಇದು ಗೌಡ್ರದು, ಇದು ಬಡಿಗ್ಯಾರದು, ಇದು ಆ ಜಗಳಗಂಟಿ ಗಂಗವ್ವಂದು.’ ಬುಟ್ಟಿ ತುಂಬೂದ್ರಾಗ ಊರಿಗಿ ಊರು ಅಕಿ ತಲ್ಯಾಗ. ಒಂದು ಮನೀನೂ ತಪ್ಪಿದ್ದಿಲ್ಲ. ಅದ ಅತ್ತಿ ಹಾಲು ಕಾಸಾಕಿಟ್ಟು ಮರತು ದಿನಾ ಹೊತ್ತಸ್ತಿದ್ಲು. ನಾ ಆವಾಗರ ತಿಳ್ಕೋಬೇಕಿತ್ತು.

ಹೋದ ವರ್ಷ ನನ್ನ ಮಗಳ ಕುಬಸ ಇತ್ತು. ಆವಾಗ ನನ್ನ ಮೆದುಳಿಗಿ ಮೂವತ್ತೆಂಟು. ‘ಅವ್ವಾ, ಹೆಸರು ಒಂದು ಹಾಳ್ಯಾಗ ಬರ್ಕೋ’ ಅಂದ್ಲು ಮಗಳು. ‘ಹಾಳಿ ಯಾಕ ಬೇಕು? ನನ್ನ ತಲಿ ಏನು ಕುಂಬಳಕಾಯಿ ಅಂತ ತಿಳದೀ?’ ಅಂದ್ನಿ. ಖರೇ ಹೇಳ್ಲಿ? ನನ್ನ ನಾನ ಪರೀಕ್ಷಾ ಮಾಡ್ಕೊಳ್ಳಾಕತ್ತಿದ್ನಿ. ಎಲ್ಲಾ ಮನಿ ನೆನಪಿಲೆ ಹೇಳಿ ಬಂದ್ರ ನಾ ಅವ್ವನಂಗ ಆಗೂದಿಲ್ಲ, ಅಷ್ಟ. ನಮ್ಮ ಕುಂಕುಮದ ಭರಣಿ ಎಲ್ಲಿಟ್ಟಿದ್ನೋ ಸಿಗಲಿಲ್ಲ. ಬಾಜೂ ಮನಿ ಮಾದೇವಕ್ಕನ ಬೆಳ್ಳಿ ಭರಣಿ ಇಸ್ಕೊಂಡ್ನಿ. ಮೂವತ್ತು ವರ್ಷದಿಂದ ಗೆಳತಿ, ನಮ್ಮಿಬ್ಬರ ಮನಿ ನಡುವ ಒಂದ ಗ್ವಾಡಿ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಬೀಗರಿಗೆಲ್ಲಾ ಫೋನ್ ಹಚ್ಚಿದ್ನಿ, ಊರಾಗ ನಲವತ್ತಾರು ಮನಿ ತಿರುಗಿದ್ನಿ. ಗೆದ್ನಿ ಅಂತ ಹಾರಾಡಿಕೋತ ಮನಿಗಿ ಬಂದ್ನಿ!

ಕುಬಸದ ದಿನ ಹಾಡು ಸುರು ಆಗಿದ್ವು. ಯಾರೋ ‘ಮಾದೇವಕ್ಕ ಎಲ್ಲಿ, ಕಾಣವಲ್ಲಳು?’ ಅಂದ್ರು. ಅಯ್ಯ ನನ್ನ ಶಿವನ! ಅಕಿ ಭರಣಿ ಹಿಡ್ಕೊಂಡು ಊರಿಗೆಲ್ಲಾ ಕುಂಕುಮ ಹಚ್ಚಿ ಬಂದೇನಿ, ಅಕಿ ಹಣಿಗಿ ಹಚ್ಚೇ ಇಲ್ಲ!

ಭರಣಿ ಹಿಡ್ಕೊಂಡು ಬರಿಗಾಲಿಲೆ ಓಡಿದ್ನಿ. ಮಾದೇವಕ್ಕ ಇಳಕಲ್ಲ ಸೀರಿ ಉಟ್ಟು, ತಲಿಗಿ ಹೂ ಮುಡದು, ತನ್ನ ಹೊಸ್ತಿಲ ಒಳಗ ಕುರ್ಚಿ ಹಾಕ್ಕೊಂಡು ಕುಂತಿದ್ಲು. ಮುಂಜಾನಿಂದ ಹಂಗ ಕುಂತಾಳ್ರಿ!

‘ಕರೀಲಾರದ ಹೆಂಗ ಬರಬೇಕವಾ?’ ಅಂದ್ಲು. ‘ಹಾಡು ಕೇಳಸಾಕತ್ತಿದ್ವು. ಇನ್ನೊಂದೀಟು ತಡ ಮಾಡಿದ್ರ ಇಲ್ಲಿಂದನ ಹಾಡ್ತಿದ್ನಿ.’

ಗಡಿಬಿಡಿಲೆ ಹಚ್ಚಾಕ ಹೋಗಿ ಕುಂಕುಮ ಅಕಿ ಮೂಗಿನ ಮ್ಯಾಲೆಲ್ಲಾ ಬಿತ್ತು. ಅಕಿ ಒರಸ್ಕೊಳ್ಳಲಿಲ್ಲ. ಹಂಗ ಬಂದು ಎಲ್ಲಾರಕಿಂತ ಜೋರಾಗಿ ಹಾಡಿದ್ಲು. ಯಾಕ ಮರತಿ ಅಂತ ಅಕಿ ಕೇಳಲಿಲ್ಲ, ನನ್ನ ಅಂಜಿಕಿ ನಾನೂ ಹೇಳಲಿಲ್ಲ.

ಹಂಗಾರ ಈ ಆಟದಿಂದ ಬುದ್ಧಿ ಬೆಳಿತೈತೇನು? ನನಗ ತಿಳದಷ್ಟು ಹೇಳ್ತೇನಿ. ಆಟ ಆಡಿದ್ರ ಆಟ ಬರತೈತಿ, ರೊಟ್ಟಿ ಬಡದ್ರ ರೊಟ್ಟಿ ಬರತೈತಿ. ಮುಚ್ಚಿದ ಚಿತ್ರ ಹುಡುಕೂದ್ರಾಗ ನಾ ಈಗ ಹುಲಿ; ನನ್ನ ಕನ್ನಡಕ ಮಾತ್ರ ಇನ್ನೂ ಹುಡುಕಾಕತ್ತೇನಿ. ಆದ್ರೂ ಬಿಡಾಂಗಿಲ್ಲರಿ, ಭಾಳ ಮಜಾ ಐತಿ!

ಇವತ್ತೂ ಮೊಬೈಲು ಹಿಡ್ಕೊಂಡು ಮೊದಲ ಓಡಿದ್ದು ಮಾದೇವಕ್ಕನ ಕಡೆಗೆ. ಅಕಿ ಪಡಸಾಲ್ಯಾಗ ಶೇಂಗಾ ಸುಲಿಯಾಕತ್ತಿದ್ಲು.

‘ಮೂವತ್ತೊಂದು!’ ಅಂದ್ನಿ.

‘ಹಂಗಾರ ನಿನಗ ಇನ್ನೊಂದು ಗಂಡು ನೋಡೂಣು’ ಅಂದ್ಲು.

ಇಬ್ಬರೂ ಹೊಟ್ಟಿ ಹಿಡ್ಕೊಂಡು ನಕ್ಕಿವಿ. ನಕ್ಕೋತನ ಅದು ಹೆಂಗ ಬಾಯಿಗಿ ಬಂತೋ, ಅವ್ವನ ಸುದ್ದಿ, ನನ್ನ ಅಂಜಿಕಿ, ಎಲ್ಲಾ ಹೇಳಿಬಿಟ್ನಿ. ‘ಮುಂದ ಒಂದಿನ ನಾ ನಿನ್ನ ಗುರುತು ಹಿಡೀದಿದ್ರ ಹೆಂಗ ಮಾದೇವಕ್ಕಾ?’ ಅಂದ್ನಿ. ನಗು ಎಲ್ಲಿ ಹೋತೋ ಏನೋ.

ಅಕಿ ಶೇಂಗಾ ಸುಲಿಯೂದು ನಿಲ್ಲಸಲಿಲ್ಲ.

‘ಏ ಹುಚ್ಚಿ, ನೀ ಗುರುತು ಹಿಡೀದಿದ್ರ ಏನಾತು?’ ಅಂದ್ಲು. ‘ನಾ ನಿನ್ನ ಹಿಡೀತೇನಲ್ಲ.’