ಮೀನಿನ ಕೋಣೆಯಲ್ಲಿ ಹಿಮದ ಟ್ರ್ಯಾಕ್ಟರ್

2014ರಲ್ಲಿ ನಾನು ದುಬೈಯ ಅಲ್ ಕೂಸ್‌ನ ಒಂದು ವರ್ಕ್‌ಶಾಪಿನಲ್ಲಿ ಸರ್ವಿಸ್ ಮ್ಯಾನೇಜರ್ ಆಗಿದ್ದೆ. ಹಳೆಯ ಯಂತ್ರಗಳನ್ನು ಕೊಂಡು, ದುರಸ್ತಿ ಮಾಡಿ, ಹೊರದೇಶಕ್ಕೆ ಕಳಿಸುವುದು ನಮ್ಮ ಕೆಲಸ. ಜನರೇಟರ್, ಲೋಡರ್, ಕ್ರೇನ್ ಎಲ್ಲ ಕಳಿಸಿದ್ದೆವು. ಹಿಮ ತೆಗೆಯುವ ಟ್ರ್ಯಾಕ್ಟರ್ ಬೇಕೆಂದು ಮಾತ್ರ ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದೂ ಸೆಪ್ಟೆಂಬರ್ ಸೆಕೆಯಲ್ಲಿ, ಬಿಸಿಲಲ್ಲಿಟ್ಟ ಸ್ಪ್ಯಾನರ್ ಮುಟ್ಟಿದರೆ ಕೈ ಸುಡುವ ದಿನಗಳಲ್ಲಿ.

ಕೇಳಿದವರು ಡಾಕ್ಟರ್ ಐನೂರಾ, ಕಿರ್ಗಿಸ್ತಾನದ ಬೆಟ್ಟದೂರಿನ ಚಿಕ್ಕ ಆಸ್ಪತ್ರೆಯ ಹೆರಿಗೆ ವೈದ್ಯೆ; ಯಂತ್ರ ಕೊಳ್ಳಲೆಂದೇ ದುಬೈಗೆ ಬಂದಿದ್ದರು. ಹಿಂದಿನ ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿತ್ತು. ಹೆರಿಗೆ ನೋವು ಬಂದ ಹೆಂಗಸೊಬ್ಬಳು ಅರ್ಧ ದಾರಿಯಲ್ಲೇ ತೀರಿಕೊಂಡಿದ್ದಳು. ದನಿ ಏರಿಸದೆ ಅವರು ಇದನ್ನು ಹೇಳಿದಾಗ ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ನಮ್ಮ ಅಂಗಳದಲ್ಲಿದ್ದ ಹಳೆಯ ಟ್ರ್ಯಾಕ್ಟರೊಂದನ್ನು ತೋರಿಸಿ “ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ಇದು ಕೆಲಸ ಮಾಡುತ್ತದೆಯೇ? ನಮ್ಮಲ್ಲಿ ಮೆಕ್ಯಾನಿಕ್ ಇಲ್ಲ” ಎಂದಷ್ಟೇ ಕೇಳಿದರು.

ಕೆಲಸ ವಹಿಸಿಕೊಂಡವರು ನಮ್ಮ ಫೋರ್‌ಮನ್ ಫೆಲಿಕ್ಸ್, ಶಿರ್ವದ ಕೊಂಕಣಿ ಕ್ರೈಸ್ತರು. ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ನಮ್ಮೂರಿನ ರೂಢಿಯಂತೆ ನಾನು ಅವರನ್ನು ಪೊರ್ಬುಗಳೇ ಎನ್ನುತ್ತಿದ್ದೆ. ಬಾಯಿ ಬಲು ಜೋರು. ಮುಹೈಸ್ನಾದ ಲೇಬರ್ ಕ್ಯಾಂಪಿನಿಂದ ಬಸ್ಸಿನಲ್ಲಿ ಬರುವ ನಮ್ಮ ಕೆಲಸಗಾರರು ಅವರ ಕೆಮ್ಮು ಕೇಳಿದರೂ ಬೀಡಿ ಬಿಸಾಡುತ್ತಿದ್ದರು. ಅವರು ಎಂಜಿನ್ನಿಗೆ ತೆಳು ಆಯಿಲ್, ರೇಡಿಯೇಟರಿಗೆ ಹೆಪ್ಪುಗಟ್ಟದ ಕೂಲೆಂಟ್, ಚಳಿಗೆ ತಕ್ಕ ಡೀಸೆಲ್, ಹೊಸ ಬ್ಯಾಟರಿ, ಟಯರಿಗೆ ಸರಪಳಿ ಎಲ್ಲ ಹೊಂದಿಸಿದರು. ಹಿಮ ತಳ್ಳುವ ಅಗಲ ಕಬ್ಬಿಣದ ಬ್ಲೇಡ್ ಮಾತ್ರ ಬೇರೆ ಕಡೆ ಸಿಕ್ಕಿತು. ಅದು ಮರುಭೂಮಿಯ ರುವೈಸ್ ರಸ್ತೆಯ ಮೇಲೆ ಮರಳು ತಳ್ಳುತ್ತಿದ್ದ ಬ್ಲೇಡು.

ಎಲ್ಲ ಮುಗಿಯಿತು, ಒಪ್ಪಿಸಿಬಿಡೋಣ ಎಂದೆ. ಫೆಲಿಕ್ಸ್ ಮುಖ ಗಂಟಿಕ್ಕಿದರು.

“ಶೆಟ್ರೇ, ಚಳಿಯಲ್ಲಿ ನೋಡದೆ ಚಳಿಗೆ ರೆಡಿ ಅಂತ ಹೇಗೆ ಹೇಳುದು?”

“ದುಬೈಯಲ್ಲಿ ಚಳಿ ಎಲ್ಲಿಂದ ತರುದು ಪೊರ್ಬುಗಳೇ?”

“ಹಮೀದಾಕನ ಹತ್ರ ಉಂಟಲ್ಲ!”

ಹಮೀದಾಕ ಉಳ್ಳಾಲದ ಬ್ಯಾರಿ ವ್ಯಾಪಾರಿ. ರಾಸ್ ಅಲ್ ಖೋರ್‌ನಲ್ಲಿ ಅವರ ಮೀನಿನ ಕೋಲ್ಡ್ ಸ್ಟೋರೇಜ್ ಇತ್ತು. ಹೊಸ ಸರಕು ಬರುವ ಮೊದಲು ತೊಳೆಯಲೆಂದು ಒಂದು ಕೋಣೆ ಖಾಲಿ ಮಾಡಿದ್ದರು. ಕಥೆ ಕೇಳಿ ಅವರು ನಗಲಿಲ್ಲ. “ಬಾಗಿಲಲ್ಲಿ ಹಿಡಿಸ್ತದಾ?” ಎಂದರು. ಫೆಲಿಕ್ಸ್ ಆಗಲೇ ಟೇಪ್ ಹಿಡಿದು ಬಾಗಿಲು ಅಳೆಯುತ್ತಿದ್ದರು.

ಒಂದು ಇಡೀ ದಿನ ಟ್ರ್ಯಾಕ್ಟರ್ ಮೈನಸ್ ಇಪ್ಪತ್ತರಲ್ಲಿ ನಿಂತಿತು. ಮರುದಿನ ಬೆಳಿಗ್ಗೆ ಡಾಕ್ಟರ್ ಬಂದರು. ಹೊಗೆ ಹೊರಹೋಗಲು ಸೈಲೆನ್ಸರಿಗೆ ಉದ್ದದ ಪೈಪ್ ಕಟ್ಟಿ ಫೆಲಿಕ್ಸ್ ಕೀ ತಿರುಗಿಸಿದರು. ಎಂಜಿನ್ ಎರಡು ಸಲ ಗೊಣಗಿ ಸ್ಟಾರ್ಟ್ ಆಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಡಾಕ್ಟರ್ ತಟ್ಟಲಿಲ್ಲ. “ಬ್ಲೇಡ್?” ಎಂದರು.

ಫೆಲಿಕ್ಸ್ ಲಿವರ್ ಎಳೆದರು. ಬ್ಲೇಡ್ ಗೇಣು ಮೇಲೆದ್ದು ಅಲ್ಲೇ ನಿಂತುಬಿಟ್ಟಿತು. ಬ್ಲೇಡನ್ನು ಎತ್ತುವುದು ಹೈಡ್ರಾಲಿಕ್ ಆಯಿಲ್‌ನ ಒತ್ತಡ. ಟ್ರ್ಯಾಕ್ಟರಿನ ಟ್ಯಾಂಕಿಗೆ ತೆಳು ಆಯಿಲ್ ತುಂಬಿಸಿದ್ದೆವು, ನಿಜ. ಆದರೆ ಬ್ಲೇಡಿನದೇ ಸಿಲಿಂಡರು, ಹೋಸ್‌ಗಳಲ್ಲಿ ಮರುಭೂಮಿಯ ಸೆಕೆಗೆಂದು ಹಾಕಿದ್ದ ದಪ್ಪ ಆಯಿಲ್ ಹಾಗೇ ಉಳಿದಿತ್ತು. ಚಳಿಗೆ ಅದು ತುಪ್ಪದ ಹಾಗೆ ಗಟ್ಟಿಯಾಗಿ ಕೂತಿತ್ತು. ಫೆಲಿಕ್ಸ್ ಕೊಂಕಣಿಯಲ್ಲಿ ತಮಗೆ ತಾವೇ ಬೈದುಕೊಂಡರು.

ಆಯಿಲ್ ಬಸಿದು, ಹೊಸದು ತುಂಬಿಸುವುದು ಸುಲಭ. ಮತ್ತೆ ಚಳಿಯಲ್ಲಿಟ್ಟು ನೋಡಲು ಇನ್ನೊಂದು ದಿನ ಬೇಕಿತ್ತು. ಹಮೀದಾಕನ ಮೀನಿನ ಕಂಟೇನರ್ ಅದೇ ಸಂಜೆ ಬರುವುದಿತ್ತು. ಕೋಣೆ ಮತ್ತೆ ಖಾಲಿಯಾಗುವವರೆಗೆ ಕಾದರೆ ನಮ್ಮ ಹಡಗು ತಪ್ಪಿ, ಟ್ರ್ಯಾಕ್ಟರ್ ಬಂದರಿನಿಂದ ಲಾರಿಯಲ್ಲಿ ತಲುಪುವ ಮೊದಲೇ ಬೆಟ್ಟದ ದಾರಿ ಹಿಮದಲ್ಲಿ ಮುಚ್ಚಿರುತ್ತಿತ್ತು. “ಆಯಿಲ್ ಬದಲಿಸಿ ಕಳಿಸಿಬಿಡುವ, ಸರಿಯಾಗ್ತದೆ” ಎಂದೆ. ಫೆಲಿಕ್ಸ್ ಅಡ್ಡಡ್ಡ ತಲೆಯಾಡಿಸಿದರು: “ನೋಡದೆ ಕಳಿಸುದಿಲ್ಲ.”

ಎಲ್ಲರೂ ಹಮೀದಾಕನ ಮುಖ ನೋಡಿದೆವು. ಅವರು ನನ್ನ ಕಡೆ ತಿರುಗಿದರು.

“ಸತ್ತ ಮೀನಿಗೆ ಎಂತ ಅವಸರ ಶೆಟ್ರೇ? ಅವಸರ ಇರುದು ಅಲ್ಲಿ ನೋವು ತಿನ್ನುವ ಹೆಂಗಸಿಗೆ. ಕಂಟೇನರ್ ಹೊರಗೆ ನಿಲ್ಲಲಿ. ಖಲಾಸ್.”

ಕಂಟೇನರಿನ ಶೀತಯಂತ್ರವನ್ನು ಚಾಲೂ ಇಟ್ಟುಕೊಂಡೇ ಆ ಮೀನು ಮರುದಿನದವರೆಗೆ ಅಂಗಳದಲ್ಲಿ ನಿಂತಿತು. ಗಿರಾಕಿಗಳು ಫೋನಿನಲ್ಲಿ ಕೂಗಾಡುತ್ತಲೇ ಇದ್ದರು. ಹಮೀದಾಕ ಫೋನನ್ನು ಕಿವಿಯಿಂದ ದೂರ ಹಿಡಿದು ನಮಗೆ ಸುಲೈಮಾನಿ ಚಹಾ ತರಿಸಿದರು. ಅಂಥ ಮನುಷ್ಯನ ಋಣ ತೀರಿಸುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಎರಡನೆಯ ಸಲ ಬ್ಲೇಡ್ ಸಲೀಸಾಗಿ ಎದ್ದಿತು, ಇಳಿಯಿತು, ಎಡಕ್ಕೂ ಬಲಕ್ಕೂ ತಿರುಗಿತು. ಡಾಕ್ಟರ್ ಅದರ ಮೇಲೆ ಕೈಯಿಟ್ಟು, ತಣ್ಣಗೆ ಕೊರೆದದ್ದಕ್ಕೆ ಸರಕ್ಕನೆ ಹಿಂದೆಗೆದರು. “ಇದು ನಮ್ಮೂರಿನ ಚಳಿ” ಎಂದು ಮೊದಲ ಬಾರಿ ನಕ್ಕರು. ಟ್ರ್ಯಾಕ್ಟರಿಗೆ ಹಡಗು ಸಿಕ್ಕಿತು.

ಜನವರಿಯಲ್ಲಿ ಅವರಿಂದ ವಿಡಿಯೋ ಬಂತು. ಮುಂದೆ ನಮ್ಮ ಟ್ರ್ಯಾಕ್ಟರ್ ಹಿಮ ತಳ್ಳುತ್ತ ಹೋಗುತ್ತಿದೆ, ಹಿಂದೆಯೇ ಆಂಬುಲೆನ್ಸ್. ಅದರಲ್ಲಿದ್ದ ಹೆಂಗಸಿಗೆ ಅಂದೇ ಹೆಣ್ಣುಮಗು ಹುಟ್ಟಿತೆಂದೂ, ಟ್ರ್ಯಾಕ್ಟರಿನ ಕ್ಯಾಬಿನ್ನಿನಲ್ಲಿ ಬರುವ ವಾಸನೆ ಎಂಥದೆಂದು ಸಮುದ್ರವನ್ನೇ ಕಾಣದ ಡ್ರೈವರ್ ದಿನಾ ಕೇಳುತ್ತಾನೆಂದೂ ಬರೆದಿದ್ದರು. ನಾವೆಲ್ಲ ಬಾಯಿಬಿಟ್ಟು ಹಿಮ ನೋಡಿದೆವು. ಫೆಲಿಕ್ಸ್ ನೋಡಿದ್ದು ತಿರುವಿನಲ್ಲಿ ಮೇಲೇಳುವ ಬ್ಲೇಡನ್ನು. “ಎದ್ದಿತು” ಎಂದು ಕಣ್ಣೊರೆಸಿಕೊಂಡು ಹೊರಟುಹೋದರು.

ಯಂತ್ರ ಎಲ್ಲಿ ದುಡಿಯಬೇಕೋ ಅಲ್ಲಿಯ ಹವೆಯಲ್ಲಿ ನೋಡದೆ ಅದನ್ನು ರೆಡಿ ಎನ್ನಬಾರದೆಂದು ನನಗೆ ಕಲಿಸಿದವರು ಫೆಲಿಕ್ಸ್. ನಾವು ಯಾರಿಗಾಗಿ ಅಷ್ಟು ಕಷ್ಟಪಡುತ್ತೇವೆ ಎಂಬುದನ್ನು ಕಲಿಸಿದವರು ಹಮೀದಾಕ. ಅವರಿಗೂ ವಿಡಿಯೋ ತೋರಿಸಲು ಹೋಗಿದ್ದೆ. ತಕ್ಕಡಿಯ ಮುಂದೆ ನಿಂತು ಎರಡು ಸಲ ನೋಡಿದರು. ಟ್ರ್ಯಾಕ್ಟರಿನ ಸುದ್ದಿಯನ್ನೇ ಎತ್ತಲಿಲ್ಲ.

“ಮಗು ತೂಕ ಎಷ್ಟುಂಟಂತೆ ಶೆಟ್ರೇ?” ಎಂದು ಕೇಳಿದರು.