ಟರ್ಫಿಗೆ ಹಾಕಿದ ಮರದ ಗಮ್ಮು

ಅಚ್ಚುತ ಸೋಮಾರಿಯಲ್ಲ, ಕಳ್ಳನೂ ಅಲ್ಲ. ಅವನಿಗಿದ್ದ ಒಂದೇ ರೋಗವೆಂದರೆ, "ಅಷ್ಟು ಸಾಕು, ಹಿಡೀತದೆ" ಎನ್ನುವುದು. ರಾಮಕುಂಜದ ಸುತ್ತಮುತ್ತ ಎಷ್ಟೋ ವರ್ಷ ರಬ್ಬರ್ ಮರಗಳಿಗೆ ಪ್ಲಾಸ್ಟಿಕ್ ಕಟ್ಟಿದವನು. ಮಳೆನೀರು ರಬ್ಬರ್ ಹಾಲಿಗೆ ಬೀಳದಂತೆ ಆ ಪ್ಲಾಸ್ಟಿಕ್ಕನ್ನು ಮರಕ್ಕೆ ಅಂಟಿಸುವುದು ಡಾಂಬರಿನಂಥ ಒಂದು ಕಪ್ಪು ಗಮ್ಮು. ಅದರ ಮೇಲೆ ಅವನಿಗೆ ದೇವರ ಮೇಲಿನಷ್ಟೇ ನಂಬಿಕೆ.

ಕಡಬದಲ್ಲಿ ಪ್ರಸನ್ನ ಎಂಬವರು ಪ್ಲಾಸ್ಟಿಕ್ ಹುಲ್ಲಿನ ಟರ್ಫ್ ಮೈದಾನ ಮಾಡಿದ ಮೇಲೆ ಅಚ್ಚುತ ಅದರ ಮೇಸ್ತ್ರಿಯಾದ. ಕಳೆದ ವರ್ಷ ಮೇ ತಿಂಗಳಲ್ಲಿ, ಗೋಲಿನೆದುರು ಸವೆದ ಹುಲ್ಲುಹಾಸು ಕಿತ್ತು ಹೊಸ ತುಂಡು ಕೂರಿಸುವಾಗ ಅಂಟು ಮುಗಿಯಿತು. ಬೇರೆ ಡಬ್ಬ ಮಂಗಳೂರಿನಿಂದಲೇ ಬರಬೇಕು. ಇತ್ತ ಸುಬ್ರಹ್ಮಣ್ಯದ ಕಡೆ ಗುಡುಗು. ಮನೆಯಲ್ಲಿ ಗಮ್ಮು ಇತ್ತಲ್ಲ! ಮರದಲ್ಲಿ ಇಡೀ ಮಳೆಗಾಲ ನಿಲ್ಲುವುದು ನೆಲದಲ್ಲಿ ನಿಲ್ಲದೇ ಎಂದುಕೊಂಡು ಬಳಿದೇಬಿಟ್ಟ.

ಗಮ್ಮು ಮಳೆಗಾಲವೆಲ್ಲ ನಿಂತಿತು ಕೂಡ. ಆದರೆ ತೋಟದ ನೆರಳಿನ ಗಮ್ಮು ಬಯಲಿನ ಬಿಸಿಲು ಕಂಡದ್ದೆಲ್ಲಿ? ಮಾರ್ಚಿನಲ್ಲಿ ಕರಗಿತು, ಹಾಸಿನ ಅಂಚು ಎದ್ದಿತು. ಫುಟ್‌ಬಾಲ್ ಆಡುತ್ತಿದ್ದ ಕಾಲೇಜು ಹುಡುಗಿ ಭವಿತಾಳ ಕಾಲು ಅದಕ್ಕೆ ಸಿಕ್ಕಿ ಮೊಣಕಾಲು ತಿರುಚಿತು. ಅವಳನ್ನು ಎತ್ತಿಕೊಂಡು ಕಾರಿಗೆ ಓಡಿದವನು ಅಚ್ಚುತ. ವಾಪಸು ಬಂದು ಅಂಚು ಒತ್ತಿ ಮೇಲೆ ಮರಳು ಮುಚ್ಚಿದವನೂ ಅವನೇ. ಅಂಥವನಿಗೆ ಅವಳ ತಾಯಿ ಕಮಲಾವತಿ ಕೈಮುಗಿದಿದ್ದರು! ತಂದೆ ಚೆನ್ನಕೇಶವ ಮಾತ್ರ ಮಗಳಿಗೇ ಬೈದು, ನೆಲ ನೋಡದೆ ಓಡುವವಳಿಗೆ ಇನ್ನು ಆಟವೇ ಬೇಡವೆಂದು ಶೂಗಳನ್ನು ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನ ಅಟ್ಟಕ್ಕೆ ಹಾಕಿದರು. ಅದು ಅಚ್ಚುತನ ಕಿವಿಗೂ ಬಿತ್ತು. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ, ಹೇಡಿ.

ಈ ಮೇ ತಿಂಗಳಲ್ಲಿ ಪ್ರಸನ್ನ ಇಡೀ ಹಾಸನ್ನೇ ಬದಲಿಸಲು ಹೊರಟರು. ಹಳೆಯದನ್ನು ಸುತ್ತುತ್ತ ಗೋಲಿನ ಬಳಿ ಬಂದಾಗ ಅದೇ ಗಮ್ಮು ಅಚ್ಚುತನ ಕೈಗೆ ಮೆತ್ತಿತು. ಸುತ್ತಿ ಗುಜರಿಗೆ ಹಾಕಿದರೆ ಮುಗಿಯಿತು, ಯಾರಿಗೂ ತಿಳಿಯದು. ಅವನು ಗೇಣುದ್ದದ ತುಂಡು ಕತ್ತರಿಸಿಕೊಂಡು ಚೆನ್ನಕೇಶವರ ಊರಾದ ಪಂಜಕ್ಕೆ ಬಸ್ಸು ಹತ್ತಿದ.

ಅಂಗಳದಲ್ಲಿ ಶೀಟು ಒಣಗಿಸುತ್ತಿದ್ದ ಚೆನ್ನಕೇಶವ ತುಂಡನ್ನು ತಿರುಗಿಸಿ ಮೂಸಿದರು.

"ಇದು ನಾವು ಮರಕ್ಕೆ ಹಾಕುವ ಗಮ್ಮು ಅಲ್ವಾ ಮಾರಾಯ?"

"ಹೌದಣ್ಣ. ಅಂಟು ಮುಗಿದಿತ್ತು, ನಾನೇ ಹಾಕಿದ್ದು. ನಿಮ್ಮ ಮಗಳು ಬಿದ್ದದ್ದು ಇದರಿಂದ. ಅವಳ ತಪ್ಪು ಎಂತದೂ ಇಲ್ಲ."

ಮೊಣಕಾಲಿಗೆ ಪಟ್ಟಿ ಕಟ್ಟಿದ ಭವಿತಾ ಜಗಲಿಗೆ ಬಂದು ನಿಂತಿದ್ದಳು.

"ಇಷ್ಟು ದಿನ ನಾನು ನನ್ನ ಕಾಲಿಗೇ ಬೈತಾ ಇದ್ದೆ," ಎಂದಳು. "ನಿಮಗೆ ಗೊತ್ತಿತ್ತಲ್ಲ. ಒಂದು ಮಾತು ಹೇಳ್ಬಹುದಿತ್ತು."

ಚೆನ್ನಕೇಶವ ಹೊಗೆಗೂಡಿಗೆ ಹೋಗಿ ಶೂಗಳನ್ನು ತಂದು, ತನ್ನ ಹೆಗಲ ಬೈರಾಸಿನಲ್ಲೇ ಮಸಿ ಒರೆಸಿ, ಮಗಳ ಮುಖ ನೋಡಲಾರದೆ ಅವಳ ಕಾಲ ಬಳಿ ಇಟ್ಟರು.

ಯಾರೇ ಬರಲಿ, ಆ ಮನೆಯಲ್ಲಿ ಮೊದಲು ಬೆಲ್ಲ ನೀರು. ಕಮಲಾವತಿ ಎಂದಿನಂತೆ ತಂದವರು ಎಲ್ಲವನ್ನೂ ಕೇಳಿಸಿಕೊಂಡು ಬಾಗಿಲಲ್ಲೇ ನಿಂತರು, ಆಮೇಲೆ ತಂದದ್ದನ್ನು ಹಿಡಿದುಕೊಂಡೇ ಒಳಗೆ ಹೋದರು. ಅಚ್ಚುತ ಒಣಗಿದ ಬಾಯಲ್ಲೇ ಬಸ್ಸಿಗೆ ನಡೆದ.